ಆರು ಸಾವಿರ ಡಾಲರಿನೊಳಗೆ ಒಂದು ಟೌನ್ ಕಾರ್

2018ರ ಮಾರ್ಚ್ ಕೊನೆಯ ವಾರ ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರಿನಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಕ್ಕಾ, ಅಪ್ಪ ಅಮ್ಮನಿಗೆ ವೀಸಾ ಆಯಿತು, ಮೇ ತಿಂಗಳಿಗೆ ಬರುತ್ತಾರೆ. ಒಂದು ಕ್ಯಾಡಿಲಾಕ್ ನೋಡಿಟ್ಟಿದ್ದೇನೆ. ಮೂರು ಸಾವಿರದ ಇನ್ನೂರು ಡಾಲರ್ ಅಷ್ಟೇ. ತೆಗೆದುಕೊಂಡುಬಿಡಲೇ?"

ನಾನು ಬರುವವರೆಗೆ ಒಂದು ಡಾಲರ್ ಮುಂಗಡವನ್ನೂ ಕೊಡಬೇಡ ಎಂದೆ. ಡೆಟ್ರಾಯಿಟ್ ಸೀಮೆಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಹದಿಮೂರು ವರ್ಷದಿಂದ ಕೆಲಸ ಮಾಡುತ್ತಿರುವ ನನಗೆ ಆ ಬೆಲೆ ಕೇಳಿಯೇ ಎದೆ ಧಸಕ್ಕೆಂದಿತ್ತು. ಮುಂದಿನ ನಾಲ್ಕು ವಾರ ನಾವು ಕಾರು ಹುಡುಕಿದ್ದು, ಕೊಂಡದ್ದು, ಆಮೇಲೆ ಇಪ್ಪತ್ತು ತಿಂಗಳು ಅದನ್ನು ಸಾಕಿದ್ದು, ಎಲ್ಲವನ್ನೂ ಲೆಕ್ಕದ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ. ಓದಲು, ಸಂಶೋಧನೆ ಮಾಡಲು ಇಲ್ಲಿಗೆ ಬಂದ ನಮ್ಮ ಹುಡುಗರು ಪ್ರತಿ ವರ್ಷ ಹಿಮ ಕರಗುವ ಹೊತ್ತಿಗೆ ಇದೇ ಪ್ರಶ್ನೆ ಹಿಡಿದು ಬರುತ್ತಾರೆ.

ದೊಡ್ಡ ಕಾರೇ ಏಕೆ

ಹುಡುಗ ವಿಶ್ವವಿದ್ಯಾಲಯದಲ್ಲಿ ಸಂಶೋಧಕ, ಎರಡು ವರ್ಷದ ಒಪ್ಪಂದ. ಒಬ್ಬನೇ ಇದ್ದಾಗ ಬಸ್ಸು ಸಾಕಾಗಿತ್ತು. ತೊಡಕಾಗಿದ್ದು ಚಿಕ್ಕಪ್ಪನ ಬಲ ಮಂಡಿ. ಹಾಸನದಲ್ಲಿ ಸ್ಕೂಟರಿನಿಂದ ಬಿದ್ದ ಮೇಲೆ ಆ ಮಂಡಿ ಪೂರ್ತಿ ಮಡಚುವುದಿಲ್ಲ. ಸಣ್ಣ ಕಾರಿನಲ್ಲಿ ಕೆಳಕ್ಕೆ ಇಳಿದು ಕೂರಬೇಕು, ಏಳುವಾಗ ಯಾರಾದರೂ ಕೈ ಹಿಡಿಯಬೇಕು. ಎತ್ತರದ ಎಸ್‌ಯುವಿಯಾದರೆ ಕಾಲೆತ್ತಿ ಹತ್ತಬೇಕು, ಅದೂ ಆಗದ ಮಾತು. ಅವರಿಗೆ ಬೇಕಾದದ್ದು ಕೆಳಕ್ಕಿಳಿಯದೆ, ಮೇಲೆ ಹತ್ತದೆ ಕೂರುವಷ್ಟು ಎತ್ತರದ ಸೀಟು, ಅಗಲಕ್ಕೆ ತೆರೆದುಕೊಳ್ಳುವ ಬಾಗಿಲು, ಕಾಲು ಚಾಚಲು ಜಾಗ.

ಅಳತೆ ತಿಳಿಯಲು ಚಿಕ್ಕಮ್ಮನಿಗೆ ಫೋನ್ ಮಾಡಿ, ಚಿಕ್ಕಪ್ಪ ಸಲೀಸಾಗಿ ಕೂತು ಏಳುವ ಜಗಲಿಯ ಮರದ ಕುರ್ಚಿ ಎಷ್ಟು ಎತ್ತರವಿದೆ ನೋಡಿ ಎಂದೆ. ಚಿಕ್ಕಮ್ಮ ಟೇಪು ಹುಡುಕಲು ಹೋಗಲಿಲ್ಲ. "ಸರಿಯಾಗಿ ಎರಡು ಗೇಣು ಕಣಮ್ಮಾ" ಎಂದರು. ಅಂದರೆ ಸುಮಾರು ಹದಿನೆಂಟು ಅಂಗುಲ. ಅಲ್ಲಿಂದಾಚೆ ನೋಡಿದ ಪ್ರತಿ ಕಾರಿನ ಸೀಟಿನ ಅಂಚನ್ನೂ ನೆಲದಿಂದ ಅಳೆದೆವು. ಎರಡು ಗೇಣಿಗಿಂತ ತಗ್ಗಿದ್ದುದನ್ನು ಅಲ್ಲೇ ಬಿಟ್ಟೆವು. ಹಳೆಯ ಅಮೆರಿಕನ್ ದೊಡ್ಡ ಸೆಡಾನುಗಳು ಈ ಅಳತೆಗೆ ಚೆನ್ನಾಗಿ ಹೊಂದುತ್ತವೆ.

ಬೆಲೆಯೂ ಅನುಕೂಲವಾಗಿತ್ತು. ಈ ದೇಶದ ಗಿರಾಕಿಗಳು ಎಸ್‌ಯುವಿಗಳತ್ತ ಹೊರಳಿ ಬಹಳ ಕಾಲವಾಗಿತ್ತು. ನಾವು ಹುಡುಕುತ್ತಿದ್ದ ಆ ಏಪ್ರಿಲ್‌ನಲ್ಲೇ ಫೋರ್ಡ್ ಕಂಪನಿ ಉತ್ತರ ಅಮೆರಿಕದಲ್ಲಿ ತನ್ನ ಸೆಡಾನುಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಹೊಸದರಲ್ಲಿ ನಲವತ್ತು ಸಾವಿರ ಡಾಲರ್ ದಾಟಿದ್ದ ಕಾರು ಹದಿನಾಲ್ಕು ವರ್ಷದಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಆದರೆ ಬೆಲೆ ಇಳಿದ ಹಾಗೆ ಅದರ ರಿಪೇರಿ ಖರ್ಚು ಇಳಿಯುವುದಿಲ್ಲ. ಬಿಡಿಭಾಗ, ಕೂಲಿ ಎರಡೂ ನಲವತ್ತು ಸಾವಿರದ ಕಾರಿನ ಅಂತಸ್ತಿಗೆ ತಕ್ಕಂತೆಯೇ ಇರುತ್ತವೆ. ಕಡಿಮೆ ಸಂಬಳದ ಹುಡುಗರು ಮುಗ್ಗರಿಸುವುದು ಇಲ್ಲೇ.

ಒಟ್ಟು ಆರು ಸಾವಿರ ಡಾಲರ್ ಇತ್ತು. ಕಾರಿಗೆ ನಾಲ್ಕು ಸಾವಿರದ ಮುನ್ನೂರು ದಾಟಬಾರದು, ಸಾವಿರವನ್ನಾದರೂ ಮುಟ್ಟದೆ ಉಳಿಸಿಕೊಳ್ಳಬೇಕು ಎಂದು ಹುಡುಗನಿಂದ ಮೊದಲೇ ಮಾತು ತೆಗೆದುಕೊಂಡೆ. ವಿಮೆಯ ಕಂತು ಸಂಬಳದಿಂದ. ಆಗ ಮಿಶಿಗನ್ನಿನಲ್ಲಿ ಅಪಘಾತದ ವೈದ್ಯಕೀಯ ಖರ್ಚಿಗೆ ಮಿತಿಯಿಲ್ಲದ ವಿಮೆ ಕಡ್ಡಾಯವಾಗಿತ್ತು, 2020ರ ಜುಲೈವರೆಗೂ ಹಾಗೇ ಇತ್ತು. ಕಾರು ಎಷ್ಟೇ ಅಗ್ಗವಿರಲಿ, ಕಂತು ಮಾತ್ರ ಕೈ ಸುಡುತ್ತಿತ್ತು.

ಬಿಳಿಯ ಡೆವಿಲ್

ಹುಡುಗ ಮನಸೋತಿದ್ದು 2002ರ ಕ್ಯಾಡಿಲಾಕ್ ಡೆವಿಲ್‌ಗೆ. ಒಂದು ಸಣ್ಣ ಹಳೆಗಾಡಿ ಅಂಗಡಿಯ ಮುಂದೆ ತೊಳೆದು ಒರೆಸಿ ನಿಲ್ಲಿಸಿದ್ದರು. ಒಳಗೆ ಬೆಣ್ಣೆಯಂಥ ಚರ್ಮದ ಸೀಟು, ಬಿರುಕಿಲ್ಲದ ಮರದ ಪಟ್ಟಿ. ಅವನು ಕೂತು ಬಾಗಿಲು ಹಾಕಿದ ಸದ್ದಿಗೇ ಅರ್ಧ ಮಾರುಹೋದ.

ನಾನು ಬಾನೆಟ್ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇವೆಂದು ಹೇಳಿ ಹೋಗಿದ್ದೆವು, ಎಂಜಿನನ್ನು ಅದಕ್ಕೂ ಮೊದಲೇ ಓಡಿಸಿಟ್ಟಿದ್ದರು.

ಆ ಕಾರಿನ ಎಂಜಿನ್ ನಾರ್ತ್‌ಸ್ಟಾರ್, 4.6 ಲೀಟರಿನ ಎಂಟು ಸಿಲಿಂಡರಿನದು. ಓಡುವಾಗ ಅಷ್ಟು ನಯವಾದ ಎಂಜಿನ್ ಆ ಬೆಲೆಗೆ ಬೇರೊಂದು ಸಿಗುವುದಿಲ್ಲ. ಅದರ ದೌರ್ಬಲ್ಯವೂ ಈ ಸೀಮೆಯ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಎಂಜಿನ್ನಿನ ಮೇಲಿನ ಮುಚ್ಚಳವಾದ ಸಿಲಿಂಡರ್ ಹೆಡ್ಡನ್ನು ಬಿಗಿದಿಡುವ ಬೋಲ್ಟುಗಳು ಅಲ್ಯೂಮಿನಿಯಂ ಬ್ಲಾಕಿನೊಳಗೆ ಕೂತಿರುತ್ತವೆ. ವರ್ಷಗಳ ಬಿಸಿಗೆ ಆ ಮೆದು ಲೋಹದ ಥ್ರೆಡ್ ಕಿತ್ತುಬಂದರೆ ಬೋಲ್ಟಿನ ಹಿಡಿತ ಸಡಿಲವಾಗುತ್ತದೆ, ಅದರಡಿಯ ಹೆಡ್ ಗ್ಯಾಸ್ಕೆಟ್ ಸೋರುತ್ತದೆ, ಉರಿದ ಅನಿಲ ಎಂಜಿನನ್ನು ತಂಪಾಗಿಡುವ ದ್ರವದೊಳಗೆ, ಅಂದರೆ ಕೂಲೆಂಟಿನೊಳಗೆ, ನುಗ್ಗುತ್ತದೆ. ಸರಿಪಡಿಸಬೇಕೆಂದರೆ ಎಂಜಿನನ್ನೇ ಕೆಳಗಿಳಿಸಿ, ಪ್ರತಿ ರಂಧ್ರವನ್ನೂ ಕೊರೆದು, ಉಕ್ಕಿನ ಹೊಸ ಥ್ರೆಡ್ ಕೂರಿಸಬೇಕು. ಮೂರು ಸಾವಿರದ ಕಾರಿಗೆ ಅದಕ್ಕೂ ಮೀರಿದ ರಿಪೇರಿ, ಮೂಗಿಗಿಂತ ಮೂಗುತಿ ಭಾರ.

ಇದನ್ನು ಪತ್ತೆ ಹಚ್ಚಲು ಒಂದು ಸರಳ ಪರೀಕ್ಷೆ ಇದೆ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಎಂಜಿನ್ ಓಡುತ್ತಿರುವಾಗ ಕೂಲೆಂಟ್ ಡಬ್ಬಿಯ ಬಾಯಿಗಿಟ್ಟು ಅಲ್ಲಿನ ಗಾಳಿಯನ್ನು ಅದರ ಮೂಲಕ ಎಳೆಯಬೇಕು. ಉರಿದ ಅನಿಲ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನಾನು ಆ ಕೊಳವೆಯನ್ನು ಚೀಲದಲ್ಲಿ ತಂದಿದ್ದೆ. ಅಂಗಡಿಯವರು ಬಾನೆಟ್ ತೆರೆಯಲು ಬಿಟ್ಟರು, ಕೂಲೆಂಟ್ ಮುಚ್ಚಳ ತೆಗೆಯಲು ಬಿಡಲಿಲ್ಲ. ಎಂಜಿನ್ ಬಿಸಿ ಇದೆ, ಅಪಾಯ ಎಂದರು, ಅದು ನಿಜವೇ. ಹಾಗಾದರೆ ನಾಳೆ ತಣ್ಣಗಿರುವಾಗ ಬರುತ್ತೇವೆ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದೆ. ನಾಳೆಯೊಳಗೆ ಬೇರೆಯವರು ಕೊಂಡುಹೋಗುತ್ತಾರೆ ಎಂಬ ಉತ್ತರ ಬಂತು. ಕೊಳ್ಳಲಿ ಎಂದು ಹೊರಟುಬಂದೆವು. ಆ ಕಾರಿನಲ್ಲಿ ದೋಷ ಇತ್ತೋ ಇಲ್ಲವೋ ಪರೀಕ್ಷೆ ಆಗಲೇ ಇಲ್ಲ. ನೋಡಲು ಬಿಡದ ಕಾರನ್ನು ಕೊಳ್ಳುವುದಿಲ್ಲ ಎಂಬುದಷ್ಟೇ ನನ್ನ ತೀರ್ಮಾನವಾಗಿತ್ತು. ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಎರಡನೆಯದು ನನ್ನ ಮೆಚ್ಚಿನ ಬ್ಯೂಕ್ ಪಾರ್ಕ್ ಅವೆನ್ಯೂ, 2003ನೆಯದು. 3.8 ಲೀಟರಿನ ಆರು ಸಿಲಿಂಡರ್ ಎಂಜಿನ್, ಗಟ್ಟಿಮುಟ್ಟು, ಪೆಟ್ರೋಲೂ ಕಡಿಮೆ ಕುಡಿಯುತ್ತದೆ. ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೆತ್ತಿ ಬಾಗಿಲಿನ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ತುದಿ ಒತ್ತಿದ. ನೆನೆದ ರೊಟ್ಟಿಯೊಳಗೆ ಹೋದಂತೆ ಒಳಗೆ ಹೋಯಿತು. ಬ್ರೇಕ್ ಪೈಪುಗಳ ಮೇಲೂ ತುಕ್ಕಿನ ಹೊಪ್ಪಳೆ. ಚಳಿಗಾಲದಲ್ಲಿ ಮಿಶಿಗನ್ ರಸ್ತೆಗಳಿಗೆ ಸುರಿಯುವ ಉಪ್ಪಿನ ಕೆಲಸ ಅದು, ಕಾರಿನ ತಪ್ಪಲ್ಲ. ಈ ರಾಜ್ಯದಲ್ಲಿ ಹಳೆಯ ಕಾರಿಗೆ ನಮ್ಮ ಆರ್‌ಟಿಒ ಎಫ್‌ಸಿಯಂಥ ತಪಾಸಣೆ ಏನೂ ಇಲ್ಲ. ಬ್ರೇಕ್ ಪೈಪು ತೂತಾಗುವ ಹಂತದಲ್ಲಿರುವ ಕಾರೂ ಕಾನೂನುಬದ್ಧವಾಗಿ ಕೈ ಬದಲಾಯಿಸುತ್ತದೆ. ಲಿಫ್ಟಿಗೆ ಏರಿಸದೆ ಇಲ್ಲಿ ಹಳೆಯ ಕಾರು ಕೊಳ್ಳಲೇಬಾರದು.

ಪ್ಲಿಮತ್ತಿನ ಗ್ಯಾರೇಜು

ಮೂರನೆಯದು 2004ರ ಲಿಂಕನ್ ಟೌನ್ ಕಾರ್. ಲಿಂಕನ್ ಎಂದರೆ ಫೋರ್ಡ್ ಕಂಪನಿಯದೇ ಐಷಾರಾಮಿ ಕಾರುಗಳ ಹೆಸರು. ಮಾರುತ್ತಿದ್ದವರು ಪ್ಲಿಮತ್ತಿನ ವೃದ್ಧೆಯೊಬ್ಬರು. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಪ್ರತಿ ವರ್ಷ ಡಿಸೆಂಬರಿನಲ್ಲಿ ಇಬ್ಬರೂ ಅದೇ ಕಾರಿನಲ್ಲಿ ಫ್ಲಾರಿಡಾಕ್ಕೆ ಹೋಗಿ ಏಪ್ರಿಲ್‌ನಲ್ಲಿ ಮರಳುತ್ತಿದ್ದರಂತೆ. ಈ ಒಂದು ಮಾತಿಗೆ ನನ್ನ ಕಿವಿ ನಿಮಿರಿತು. ಹಾಗಿದ್ದರೆ ಆ ಕಾರು ಉಪ್ಪು ತಿಂದ ದಿನಗಳು ಬಹಳ ಕಡಿಮೆ.

ಈ ಕಾರಿನ ಬುನಾದಿಗೆ ಫೋರ್ಡ್ ಕಂಪನಿಯೊಳಗಿನ ಹೆಸರು ಪ್ಯಾಂಥರ್. 1979ರ ಮಾದರಿಯಿಂದ 2011ರವರೆಗೆ ನಡೆದು ಬಂದದ್ದು. ಲಾರಿಗಿರುವಂತೆ ಕೆಳಗೆ ಪ್ರತ್ಯೇಕ ಚಾಸಿ, ಹಿಂದಿನ ಚಕ್ರಗಳಿಗೆ ಚಾಲನೆ. ಪೊಲೀಸರು ಮತ್ತು ಟ್ಯಾಕ್ಸಿಯವರು ಓಡಿಸುತ್ತಿದ್ದ ಕ್ರೌನ್ ವಿಕ್ಟೋರಿಯಾ ಇದರದೇ ಒಡಹುಟ್ಟು. 4.6 ಲೀಟರ್ ಎಂಜಿನ್ ಎರಡಕ್ಕೂ ಒಂದೇ ವಂಶದ್ದು. ಹೀಗಾಗಿ ಯಾವ ಊರಿಗೆ ಹೋದರೂ ಬಿಡಿಭಾಗ ಸಿಗುತ್ತದೆ, ಯಾವ ಮೆಕ್ಯಾನಿಕನಿಗೂ ಇದು ಪರಿಚಿತ. 2003ಕ್ಕಿಂತ ಹಳೆಯದು ಬೇಡ ಎಂದು ನಾನು ಹಟ ಹಿಡಿದಿದ್ದೆ. 2001ರವರೆಗಿನ ಅನೇಕ ಕಾರುಗಳಲ್ಲಿ ಎಂಜಿನ್ ಮೇಲೆ ಕೂತು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಪೂರ್ತಿ ಪ್ಲಾಸ್ಟಿಕ್, ಕೂಲೆಂಟ್ ಹಾಯುವ ಜಾಗದಲ್ಲೇ ಸೀಳುತ್ತಿತ್ತು. 2003ರಲ್ಲಿ ಚಾಸಿ, ಸ್ಟೀರಿಂಗ್ ಎರಡೂ ಹೊಸದಾದವು.

ಬೆಳಿಗ್ಗೆ ಏಳೂವರೆಗೆ ಹೋದೆವು. ಗ್ಯಾರೇಜಿನ ಬಾಗಿಲು ಮೇಲೆದ್ದಾಗ ನಾನು ಮೊದಲು ನೋಡಿದ್ದು ಕಾರಿನ ಹಿಂಭಾಗ. ಟೌನ್ ಕಾರಿನ ಹಿಂದಿನ ಚಕ್ರಗಳ ಮೇಲೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ಅವು ಬಿರುಕು ಬಿಟ್ಟಿದ್ದರೆ ರಾತ್ರಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಬಾಲ ನೆಲಕ್ಕೆ ಹಾಕಿ ಕೂತಿರುತ್ತದೆ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಪಂಪು ಗಾಳಿ ತುಂಬಿ ಮೇಲೆತ್ತಿಬಿಡುತ್ತದೆ, ಆಮೇಲೆ ಏನೂ ತಿಳಿಯುವುದಿಲ್ಲ. ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಅಂಗೈ ಅಡ್ಡ ಇಟ್ಟೆ. ಎಡಕ್ಕೂ ಬಲಕ್ಕೂ ಒಂದೇ ಅಳತೆ. ಸರಿ.

ಸೀಟು ಎರಡು ಗೇಣಿನ ಮೇಲೆ ಎರಡು ಬೆರಳು. ಸರಿ.

ಓಡಿಸಿ ನೋಡುವಾಗ ಗಂಟೆಗೆ 45 ಮೈಲಿ ವೇಗದಲ್ಲಿ, ಕಾಲು ಹಗುರಾಗಿ ಇಟ್ಟಾಗ, ಕಾರು ಒಂದು ಕ್ಷಣ ನಡುಗಿತು. ಜಲ್ಲಿ ಹರಡಿದ ರಸ್ತೆಯ ಮೇಲೆ ಹೋದಂತೆ. ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ. ಗೇರ್‌ಬಾಕ್ಸಿನ ಎಣ್ಣೆ ಹಳೆಯದಾದಾಗ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕೊಂಡಿಯಾದ ಟಾರ್ಕ್ ಕನ್ವರ್ಟರಿನ ಕ್ಲಚ್ಚು ಹಾಗೆ ನಡುಗುವುದುಂಟು, ಎಣ್ಣೆ ಬದಲಾಯಿಸಿದರೆ ಹೆಚ್ಚಾಗಿ ಹೋಗುತ್ತದೆ. ಲಿಫ್ಟಿಗೆ ಏರಿಸಿದ ಮೆಕ್ಯಾನಿಕ್ ಕೂಡ ಅದನ್ನೇ ಹೇಳಿದ. ಚಾಸಿ ಒಣಗಿದ, ಬೂದು ಬಣ್ಣದ, ಗಟ್ಟಿ ಉಕ್ಕು. ಬ್ರೇಕ್ ಪೈಪು ಚೊಕ್ಕ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ, ಕೊನೆಯ ಎರಡು ತಯಾರಾದ ವರ್ಷ. 11 ಎಂದಿತ್ತು. ಸವೆತ ಕಡಿಮೆ, ಆದರೆ ಏಳು ವರ್ಷದ ರಬ್ಬರು, ಬದಲಾಯಿಸಲೇಬೇಕು.

ಆಕೆ ಹೇಳಿದ್ದು 4,900. ಟೈರು ಮತ್ತು ಗೇರ್ ಎಣ್ಣೆಯ ಖರ್ಚನ್ನು ಕಾಗದದ ಮೇಲೆ ಬರೆದು ತೋರಿಸಿ 4,300 ಕೊಡುತ್ತೇವೆ ಎಂದೆವು. ಸ್ವಲ್ಪ ಹೊತ್ತು ಆಕೆ ಕಾರನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ ಒಂದು ದಪ್ಪ ಫೈಲು ತಂದರು. 2004ರಿಂದ ಹಾಕಿಸಿದ ಪ್ರತಿ ಎಣ್ಣೆಯ ರಸೀದಿ, ಗಂಡನ ಕೈಬರಹದಲ್ಲಿ ಮೈಲಿ ಗುರುತು. ಇನ್ನೂ ನೂರು ಕಡಿಮೆ ಕೇಳು ಎಂದು ಹುಡುಗ ಕನ್ನಡದಲ್ಲಿ ಪಿಸುಗುಟ್ಟಿದ. ನಾನು ಕೇಳಲಿಲ್ಲ. ಆ ಫೈಲಿನ ಬೆಲೆ ನೂರಕ್ಕಿಂತ ಹೆಚ್ಚಿತ್ತು.

ಓಡಿದ್ದು 81,000 ಮೈಲಿ. ತೆರಿಗೆ ಶೇ 6ರಂತೆ 258, ಮಾಲೀಕತ್ವ ಪತ್ರಕ್ಕೆ 15, ತಪಾಸಣೆಗೆ 120. ನೋಂದಣಿಗೆ 187 ಎಂದಾಗ ಹುಡುಗ ಬೆಚ್ಚಿದ. ಮಿಶಿಗನ್ನಿನಲ್ಲಿ ನೋಂದಣಿ ಶುಲ್ಕ ನಾವು ಕೊಟ್ಟ ಬೆಲೆಯ ಮೇಲೆ ನಿಲ್ಲುವುದಿಲ್ಲ, ಕಾರು ಹೊಸದಾಗಿದ್ದಾಗಿನ ಪಟ್ಟಿ ಬೆಲೆಯ ಮೇಲೆ ನಿಲ್ಲುತ್ತದೆ. ಐಷಾರಾಮಿ ಕಾರು ಮುದಿಯಾದರೂ ಆ ಲೆಕ್ಕ ಬಿಡುವುದಿಲ್ಲ. ಎಲ್ಲ ಸೇರಿ 4,880. ಕೈಯಲ್ಲಿ ಉಳಿದದ್ದು 1,120.

ಸಾಕಿದ ಲೆಕ್ಕ

ನಾಲ್ಕು ಟೈರಿಗೆ 440, ಗೇರ್ ಎಣ್ಣೆಗೆ 180. ನಡುಕ ನಿಂತಿತು.

ಚಿಕ್ಕಪ್ಪ ವಿಮಾನ ನಿಲ್ದಾಣದಲ್ಲಿ ಮುಂದಿನ ಸೀಟಿನ ಮೇಲೆ ಮೊದಲು ಕೂತು, ನಿಧಾನವಾಗಿ ತಿರುಗಿ, ಎರಡೂ ಕಾಲುಗಳನ್ನು ಒಳಗೆ ತೆಗೆದುಕೊಂಡರು. ಯಾರೂ ಕೈ ಕೊಡಬೇಕಾಗಲಿಲ್ಲ. ಆಮೇಲೆ ಸ್ಟೀರಿಂಗ್ ಪಕ್ಕದ ಗೇರ್ ಕೋಲು ಕಣ್ಣಿಗೆ ಬಿತ್ತು. "ಅರೆ, ಇದು ನಮ್ಮ ಅಂಬಾಸಿಡರಿನ ಗೇರು!" ಎಂದು ಅದನ್ನು ಮುಟ್ಟಿ ನೋಡಿದರು. ಹಾಸನದಲ್ಲಿ ಅವರ ಅಂಬಾಸಿಡರ್ ಇಪ್ಪತ್ತು ವರ್ಷ ಓಡಿತ್ತು. ಅದಕ್ಕಿಂತ ಈ ಕಾರು ಒಂದು ಮೀಟರಿಗೂ ಹೆಚ್ಚು ಉದ್ದ, ಐದೂವರೆ ಮೀಟರಿಗೆ ಹತ್ತಿರ. ಆನ್ ಆರ್ಬರಿನ ಪಾರ್ಕಿಂಗ್ ಕಟ್ಟಡಗಳಲ್ಲಿ ಗೆರೆ ದಾಟಿ ಮೂತಿ ಹೊರಗೆ ಚಾಚುತ್ತಿತ್ತು, ಆ ಕಷ್ಟ ಕೊನೆಯವರೆಗೂ ತಪ್ಪಲಿಲ್ಲ.

ಜುಲೈನಲ್ಲಿ ಹಿಂದೆ ಕೂತ ಚಿಕ್ಕಮ್ಮ ಎ.ಸಿ. ಬರುತ್ತಿಲ್ಲ ಎಂದರು. ತಂಪು ಇತ್ತು, ಆದರೆ ಗಾಳಿಯೆಲ್ಲ ಮುಂದಿನ ಗಾಜಿಗೇ ಹೊಡೆಯುತ್ತಿತ್ತು. ಒಂದು ರಿಪೇರಿ ಅಂಗಡಿ ನಿಯಂತ್ರಣ ಪೆಟ್ಟಿಗೆಯನ್ನೇ ಬದಲಾಯಿಸಬೇಕು, 700 ಡಾಲರ್ ಎಂದಿತು. ಈ ಕಾರಿನಲ್ಲಿ ಗಾಳಿಯ ದಿಕ್ಕು ಬದಲಾಯಿಸುವ ಬಾಗಿಲುಗಳು ಎಂಜಿನ್ನಿನ ನಿರ್ವಾತದ ಎಳೆತದಿಂದ ಚಲಿಸುತ್ತವೆ. ಪೆಟ್ಟಿಗೆಯ ಹಿಂಬದಿಯ ಪುಟ್ಟ ರಬ್ಬರ್ ಬಳೆಗಳು ಒಣಗಿ ಎಳೆತ ಸೋರಿದರೆ ಗಾಳಿ ತಾನಾಗಿ ಗಾಜಿನತ್ತ ಹೋಗುತ್ತದೆ. ಮಂಜು ಕವಿದಾಗ ದಾರಿ ಕಾಣುವಂತಿರಲಿ ಎಂದು ಮಾಡಿದ ಏರ್ಪಾಡು ಅದು. ಭಾನುವಾರ ಪೆಟ್ಟಿಗೆ ಕಳಚಿ ಅಡುಗೆಮನೆಯ ಮೇಜಿನ ಮೇಲಿಟ್ಟೆವು. ಕಡಲೆಬೇಳೆಗಿಂತ ಸ್ವಲ್ಪ ದೊಡ್ಡ ಬಳೆಗಳು, ಚಪ್ಪಟೆಯಾಗಿ ಗಾಜಿನಂತೆ ಗಟ್ಟಿಯಾಗಿದ್ದವು. ಚಿಕ್ಕಮ್ಮ ಒಂದನ್ನು ಉಗುರಿನಿಂದ ಒತ್ತಿ, "ಕುಕ್ಕರಿನ ಗ್ಯಾಸ್ಕೆಟ್ ಹೀಗೇ ಆಗುತ್ತದಲ್ಲ" ಎಂದರು. ಎಂಟು ಡಾಲರಿನ ಹೊಸ ಬಳೆಗಳನ್ನು ಚಿಕ್ಕಪ್ಪ ಹಲ್ಲುಕಡ್ಡಿಯ ತುದಿಯಲ್ಲಿ ಎತ್ತಿ ಕೊಟ್ಟರು, ಹುಡುಗ ಕೂರಿಸಿದ.

ನಾನು ಈ ಪ್ರಕರಣದಲ್ಲಿ ಹೇಳಬೇಕೆಂದಿರುವುದು ಚಿಕ್ಕಮ್ಮನ ಆ ಮಾತಿನಲ್ಲೇ ಇದೆ. ಹದಿನಾಲ್ಕು ವರ್ಷದ ಕಾರಿಗೆ ಕಾಯಿಲೆ ಬಂದೇ ಬರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದಂತೆ ವಾಸಿಯಾಗುವ ಕಾಯಿಲೆಗಳ ಕಾರನ್ನು ಆರಿಸಿಕೊಂಡರೆ ಬಡ ಸಂಬಳದವನೂ ಅದನ್ನು ಸಾಕಬಹುದು. ಡೆವಿಲ್ ಹೆಚ್ಚು ಸುಂದರವಾಗಿತ್ತು, ಅದರ ಎಂಜಿನ್ ಹೆಚ್ಚು ಚುರುಕಾಗಿತ್ತು. ಆದರೆ ಅದರ ಒಂದೇ ಒಂದು ದೊಡ್ಡ ಕಾಯಿಲೆ ಬಂದಿದ್ದರೆ ಆರು ಸಾವಿರವೂ ಅದಕ್ಕೇ ಹೋಗುತ್ತಿತ್ತು.

ಆಗಸ್ಟಿನಲ್ಲಿ ನೋವಿಯ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದೆವು. ಕಾರಿನ ಗುರುತು ಸಂಖ್ಯೆಯ ಹನ್ನೊಂದನೇ ಅಕ್ಷರ ವೈ, ಅಂದರೆ ಪಕ್ಕದ ವಿಕ್ಸಮ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಚಿಕ್ಕಪ್ಪ ಅದನ್ನು ನೋಡಬೇಕೆಂದರು. 1957ರಲ್ಲಿ ಶುರುವಾದ ಆ ಕಾರ್ಖಾನೆ 2007ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. ಹೆದ್ದಾರಿಯ ಬದಿಯ ಆ ಜಾಗವನ್ನು ಒಂದು ಸುತ್ತು ಹಾಕಿ ಬಂದೆವು.

ನನ್ನಿಂದ ಒಂದು ತಪ್ಪೂ ಆಯಿತು. ಗಾಳಿ ಚೀಲಗಳು ಏಪ್ರಿಲ್‌ನಲ್ಲಿ ಚೆನ್ನಾಗಿದ್ದವೆಂದು ಸುಮ್ಮನಾಗಿದ್ದೆ. ಹದಿನಾಲ್ಕು ವರ್ಷದ ರಬ್ಬರನ್ನು ಚಳಿಗಾಲಕ್ಕೆ ಮುಂಚೆಯೇ ಬದಲಾಯಿಸಬೇಕಿತ್ತು. ನವೆಂಬರಿನ ಒಂದು ಬೆಳಿಗ್ಗೆ ಕಾರು ಬಾಲ ಹಾಕಿ ಕೂತಿತ್ತು, ಪಂಪು ಬಿಡುವಿಲ್ಲದೆ ಗುಂಯ್ಗುಡುತ್ತಿತ್ತು. ಡಿಕ್ಕಿಯ ಎಡಬದಿಯಲ್ಲಿ ಆ ಪಂಪಿನ ಸ್ವಿಚ್ ಇದೆ, ತಕ್ಷಣ ಆರಿಸು ಎಂದು ಫೋನಿನಲ್ಲಿ ಹೇಳಿದೆ. ಪಂಪು ಸುಡಲಿಲ್ಲ. ಎರಡೂ ಚೀಲ, ಕೂಲಿ ಸೇರಿ 260. ಪುಣ್ಯಕ್ಕೆ ಚಿಕ್ಕಪ್ಪ ಚಿಕ್ಕಮ್ಮ ಅಕ್ಟೋಬರಿನಲ್ಲೇ ಊರಿಗೆ ಮರಳಿದ್ದರು. ಜನವರಿಯಲ್ಲಿ ಬ್ಯಾಟರಿ, 120.

ಹೀಗೆ 1,008 ಖರ್ಚಾಗಿ ಮೀಸಲಿನಲ್ಲಿ 112 ಉಳಿಯಿತು. ಎರಡನೆಯ ವರ್ಷದ ನೋಂದಣಿ ಮತ್ತು ಐದು ಸಲದ ಎಂಜಿನ್ ಎಣ್ಣೆಗೆ ಸಂಬಳದಿಂದ 362. ಪೆಟ್ರೋಲು ತಿಂಗಳಿಗೆ ಸುಮಾರು ನಲವತ್ತು ಗ್ಯಾಲನ್, ಅಷ್ಟೇ ದೂರಕ್ಕೆ ಸಣ್ಣ ಕಾರಿಗೆ ಇಪ್ಪತ್ತೈದು ಸಾಕಾಗುತ್ತಿತ್ತು. ದಿನವೂ ದೂರದ ಕೆಲಸಕ್ಕೆ ಹೋಗುವವರಿಗೆ ಈ ಕಾರನ್ನು ನಾನು ಹೇಳುವುದಿಲ್ಲ.

2019ರ ಡಿಸೆಂಬರಿನಲ್ಲಿ ಒಪ್ಪಂದ ಮುಗಿದು ಹುಡುಗ ಬೆಂಗಳೂರಿಗೆ ಹೊರಟ. ಆಗ 96,000 ಮೈಲಿ ಆಗಿತ್ತು. 3,500ಕ್ಕೆ ಮಾರಾಟವಾಯಿತು. ಪೆಟ್ರೋಲು, ವಿಮೆ ಬಿಟ್ಟರೆ ತಿಂಗಳಿಗೆ ಬಿದ್ದ ಖರ್ಚು 137 ಡಾಲರ್ ಚಿಲ್ಲರೆ. ಕೊಳ್ಳಲು ಬಂದ ಯುವಕ ಬೆಳಿಗ್ಗೆ ಏಳಕ್ಕೇ ಬಂದ. ಸ್ಟಾರ್ಟ್ ಮಾಡಿ ಎನ್ನಲಿಲ್ಲ. ನೇರ ಹಿಂದಕ್ಕೆ ಹೋಗಿ, ಬಗ್ಗಿ, ಟೈರಿನ ಮೇಲೆ ಅಂಗೈ ಅಡ್ಡ ಇಟ್ಟು ನೋಡಿದ. ಹುಡುಗ ಆ ದಪ್ಪ ಫೈಲನ್ನು, ನಮ್ಮ ರಸೀದಿಗಳನ್ನೂ ಸೇರಿಸಿ, ಅವನ ಕೈಗೆ ಕೊಟ್ಟ.

ಆ ರಾತ್ರಿ ಊರಿಗೆ ಫೋನ್ ಮಾಡಿ ಕಾರು ಮಾರಿದ ವಿಷಯ ತಿಳಿಸಿದ. ಚಿಕ್ಕಪ್ಪ ಬೆಲೆ ಕೇಳಲಿಲ್ಲ. "ಕೊಂಡವನಿಗೆ ಆ ಗೇರು ಹಾಕುವುದನ್ನು ತೋರಿಸಿಕೊಟ್ಟೆಯೇನೋ?" ಎಂದರು.